ತುಟಿ ಮುಚ್ಚದ ಮಾತು

ಇಥಾಕಾದಿಂದ ಉತ್ತರಕ್ಕೆ ಹೊರಟರೆ ಕಯೂಗ ಸರೋವರ ಸುಮಾರು 60 ಕಿಲೋಮೀಟರ್ ಎಡಗಡೆಯಲ್ಲೇ ಜೊತೆಗೆ ಬರುತ್ತದೆ. ಅಗಲ ಎಷ್ಟು ಕಡಿಮೆಯೆಂದರೆ ಆಚೆ ದಡದ ದ್ರಾಕ್ಷಿತೋಟದ ಸಾಲುಗಳು ಬರಿಗಣ್ಣಿಗೇ ಕಾಣುತ್ತವೆ. ಆಳ ಮಾತ್ರ 400 ಅಡಿಗೂ ಮಿಕ್ಕಿ. ಪಡುವಣ ದಡದ ಕಾಡಿನಲ್ಲಿ ನಯಾಗರಕ್ಕಿಂತ ಎತ್ತರದ ಟಗ್ಯಾನಕ್ ಜಲಪಾತ, 215 ಅಡಿ. ನ್ಯೂಯಾರ್ಕ್ ರಾಜ್ಯದ ಈ ಭಾಗದಲ್ಲಿ ಕಯೂಗ ಎಂಬ ಹೆಸರು ಕೆರೆಗೆ, ಜಿಲ್ಲೆಗೆ, ಬಡಾವಣೆಗೆ, ಬೀದಿಗೆ ಎಲ್ಲಕ್ಕೂ ಇದೆ. ಆ ಹೆಸರಿನ ಭಾಷೆಯನ್ನಾಡುವವರು ಮಾತ್ರ ಕಾಣುವುದಿಲ್ಲ.

ಪೂರ್ವ ದಡದ ಅರೋರಾ ಊರು ಹಿಂದೆ ಕಯೂಗ ಜನರ ಚೊನೊಡೋಟೆ. ಮೂಲನಿವಾಸಿಗಳ ಇರೊಕ್ವಾ ಒಕ್ಕೂಟದ ಮೂಲ ಐದು ಜನಾಂಗಗಳಲ್ಲಿ ಕಯೂಗರದೂ ಒಂದು. ಒಕ್ಕೂಟದ 50 ನಾಯಕರಲ್ಲಿ 10 ಮಂದಿ ಇವರವರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬಹಳಷ್ಟು ಕಯೂಗರು ಬ್ರಿಟಿಷರ ಕಡೆ ನಿಂತರೆಂದು, 1779ರಲ್ಲಿ ವಾಷಿಂಗ್ಟನ್ನನ ಆಜ್ಞೆಯಂತೆ ಜನರಲ್ ಸಲಿವನ್‌ನ ಸೇನೆ ಬಂತು. ಮನೆ ಸುಟ್ಟರು, ಜೋಳದ ಹೊಲ ಸುಟ್ಟರು, ಅರೋರಾದಲ್ಲಿ ಸುಮಾರು 1,500 ಪೀಚ್ ಮರಗಳನ್ನು ಕಡಿದರು. ಮನೆ ಸುಟ್ಟದ್ದನ್ನು ಯುದ್ಧವೆನ್ನೋಣ, ಫಲ ಕೊಡುವ ಮರ ಕಡಿದದ್ದಕ್ಕೆ ಏನೆನ್ನುವುದು?

ಓಡಿಹೋದವರಲ್ಲಿ ಅನೇಕರಿಗೆ ನೆಲೆಯಾದದ್ದು ಈಗಿನ ಕೆನಡಾದ ಗ್ರ್ಯಾಂಡ್ ನದಿಯ ದಂಡೆ. 1784ರಲ್ಲಿ ಬ್ರಿಟಿಷರು ನದಿಯ ಎರಡೂ ಬದಿಗೆ ಆರಾರು ಮೈಲಿ ಕೊಟ್ಟರು. ಇಂದು ಉಳಿದಿರುವುದು ಅದರ ನೂರರಲ್ಲಿ ಐದು ಪಾಲೂ ಅಲ್ಲ. ಅಲ್ಲಿನ ಓಸ್ವೀಕನ್ ಎಂಬ ಊರಿನಲ್ಲಿ ನಾನು ಮೊದಲ ಸಲ ಈ ಭಾಷೆಯನ್ನು ಕಿವಿಯಾರೆ ಕೇಳಿದೆ. ಸಭೆಯ ಮೊದಲು ಹೇಳುವ ಕೃತಜ್ಞತೆಯ ನುಡಿ: ಜನರಿಗೆ, ನೆಲಕ್ಕೆ, ನೀರಿಗೆ, ಗುಡುಗಿಗೆ, ಸೂರ್ಯನಿಗೆ, ಚಂದ್ರನಿಗೆ. ಹೇಳುತ್ತಿದ್ದ ಹಿರಿಯರ ಬಾಯನ್ನೇ ನೋಡುತ್ತಿದ್ದೆ. ತುಟಿಗಳು ಒಂದಕ್ಕೊಂದು ತಾಗಲೇ ಇಲ್ಲ!

ಕಯೂಗದಲ್ಲಿ ಪ ಇಲ್ಲ, ಬ ಇಲ್ಲ, ಮ ಇಲ್ಲ. ಎರವಲು ಬಂದ ಹೆಸರುಗಳನ್ನು ಬಿಟ್ಟರೆ ನಮ್ಮ ಪವರ್ಗವೇ ಇಲ್ಲ. ದಂಡಿಯ ದಶಕುಮಾರಚರಿತದಲ್ಲಿ ತುಟಿ ಗಾಯವಾದ ಮಂತ್ರಗುಪ್ತ ತನ್ನ ಕಥೆಯನ್ನೆಲ್ಲ ಓಷ್ಠ್ಯಾಕ್ಷರ ಬಿಟ್ಟೇ ಹೇಳುತ್ತಾನೆ. ನಮ್ಮ ಅವಧಾನಿಗಳು ನಿರೋಷ್ಠ್ಯ ಪದ್ಯ ಕಟ್ಟಿ ಚಪ್ಪಾಳೆ ಗಿಟ್ಟಿಸುತ್ತಾರೆ. ಇಲ್ಲಿ ಅಜ್ಜಿ ಮೊಮ್ಮಗನನ್ನು ಗದರುವುದೂ ನಿರೋಷ್ಠ್ಯವೇ.

ಇನ್ನೊಂದು ಸೋಜಿಗ ಇದಕ್ಕಿಂತ ಸೂಕ್ಷ್ಮ. ಪದದೊಳಗೆ ಹಕಾರದ ಹಿಂದಿರುವ ಸ್ವರ, ಒಂದು, ಮೂರು, ಐದು ಹೀಗೆ ಬೆಸ ಸ್ಥಾನದಲ್ಲಿ ಬಿದ್ದರೆ ದನಿ ಕಳಚಿಕೊಂಡು ಬರೀ ಪಿಸುಗುಡುತ್ತದೆ. ಮಾತಾಡುವವರು ಎಣಿಸುತ್ತಾ ಕೂರುವುದಿಲ್ಲ, ನಾಲಿಗೆಗೇ ಲೆಕ್ಕ ಗೊತ್ತು.

ಆ ಲೆಕ್ಕವನ್ನು ಹುಟ್ಟಿನಿಂದಲೇ ಬಲ್ಲ ನಾಲಿಗೆಗಳು ಈಗ ನೂರು ದಾಟುವುದಿಲ್ಲ. ಹತ್ತಿರದ ಬ್ರ್ಯಾಂಟ್‌ಫರ್ಡ್‌ನಲ್ಲಿ 1970ರವರೆಗೂ ನಡೆದ ವಸತಿಶಾಲೆಯಲ್ಲಿ ಮೂಲನಿವಾಸಿ ಮಕ್ಕಳು ತಮ್ಮ ಭಾಷೆಯನ್ನಾಡಿದರೆ ಶಿಕ್ಷೆಯಿತ್ತು. ಆ ಕಟ್ಟಡ ಇಂದು ಇದೇ ಜನರ ಸಾಂಸ್ಕೃತಿಕ ಕೇಂದ್ರದ ವಶದಲ್ಲಿದೆ. ಓಸ್ವೀಕನ್‌ನ ಪಾಲಿಟೆಕ್ನಿಕ್‌ನಲ್ಲಿ ಕಯೂಗ ಕಲಿತು ಪದವಿ ಪಡೆಯಬಹುದು. 2002ರಲ್ಲಿ ಅಚ್ಚಾದ ದಪ್ಪ ನಿಘಂಟನ್ನು ತಿರುವಿ ನೋಡಿದೆ. ತುಟಿಯ ಕಷ್ಟ ಹೇಗೋ ನೀಗಬಹುದು, ಕ್ರಿಯಾಪದ ಕಂಡು ಎದೆ ಧಸಕ್ಕೆಂದಿತು: ಯಾರು, ಯಾರನ್ನು, ಎಷ್ಟು ಮಂದಿ ಎಂಬುದೆಲ್ಲ ನಮ್ಮಲ್ಲಿ ಕೊನೆಗೆ ಅಂಟುವ ಪ್ರತ್ಯಯದಂತಲ್ಲದೆ ಮೊದಲಲ್ಲೇ ಅಂಟುತ್ತದೆ, ಅಂಥವು ಐವತ್ತಕ್ಕೂ ಹೆಚ್ಚು. ಶಾಲೆಯ ಚಿಕ್ಕ ಮಕ್ಕಳು ಅದನ್ನು ಆಡುತ್ತಾಡುತ್ತಲೇ ಕಲಿಯುತ್ತಿದ್ದಾರೆ.