ರುಂಟ್‌ಲೌಫ್

ಬರ್ಲಿನ್ನಿನ ಡಾಕ್ಟರ್ ಪಾಂಗ್ ಬಾರಿನಲ್ಲಿ ಟೇಬಲ್ ಟೆನಿಸ್ಸನ್ನು ಇಬ್ಬರೇ ಆಡುವುದಿಲ್ಲ. ಒಂದು ಕೈಯಲ್ಲಿ ಬ್ಯಾಟು, ಇನ್ನೊಂದರಲ್ಲಿ ಬಿಯರು. ಹತ್ತಿಪ್ಪತ್ತು ಜನ ಟೇಬಲ್ಲಿನ ಸುತ್ತ ತಿರುಗುತ್ತಾರೆ. ತಲೆಗೊಂದು ಹೊಡೆತ, ತಪ್ಪಿದವರು ಹೊರಗೆ. ಎದುರುಬದುರು ನಿಲ್ಲುವವರು ಕೊನೆಗುಳಿದ ಇಬ್ಬರು ಮಾತ್ರ. ಈ ಆಟಕ್ಕೆ ಜರ್ಮನ್ನರು ರುಂಟ್‌ಲೌಫ್ ಎನ್ನುತ್ತಾರೆ.

ಕೋರ್ಸಿನ ಡಾಕ್ಯುಮೆಂಟರಿಗೆ ಇದನ್ನೇ ಆರಿಸಿಕೊಂಡೆ. ಗೆದ್ದವರ ಮುಖ ತೋರಿಸು ಎಂದರು ಮೇಷ್ಟ್ರು. ಆದರೆ ಈ ದೇಶದಲ್ಲಿ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಮುಖ ತೋರಿಸುವುದು ಸುಲಭವಲ್ಲ. (ಒಳ್ಳೆಯ ಕಾನೂನೇ.) ಹೆಚ್ಚಾಗಿ ಗೆಲ್ಲುತ್ತಿದ್ದ ಮುದುಕರೊಬ್ಬರು ಸಹಿ ಹಾಕಲಿಲ್ಲ.

‘ಹೆಂಡತಿ ಹೋದ ಮೇಲೆ ಇಲ್ಲಿಗೆ ಬರತೊಡಗಿದೆ. ಮಗಳು ನೋಡಿದರೆ ಅಪ್ಪ ಒಂಟಿ ಅಂದುಕೊಳ್ಳುತ್ತಾಳೆ.’

ಅವರ ಬೂಟುಗಳನ್ನಷ್ಟೇ ಚಿತ್ರಿಸಿದೆ. ಜೊತೆಗೆ 2.7 ಗ್ರಾಂ ಚೆಂಡಿನ ಟಕ್ ಟಕ್. ನಾಲ್ಕನೇ ರಾತ್ರಿ ಕ್ಯಾಮೆರಾ ಪಕ್ಕಕ್ಕಿಡಿಸಿ, ಕೈಗೆ ಬ್ಯಾಟು ಕೊಟ್ಟರು. ಎರಡನೇ ಸುತ್ತಿಗೇ ಔಟಾದೆ. ಅವರೂ ಹೊರಬಂದು ಪಕ್ಕದಲ್ಲಿ ನಿಂತರು.