ಒಂದು ತಾಸಿನ ವಿಮಾನ, ಎಂಟು ತಾಸಿನ ದಾರಿ

ಲಂಡನ್‌ನಿಂದ ಪ್ಯಾರಿಸ್‌ಗೆ ನೇರ ಗೆರೆ ಎಳೆದರೆ ಸುಮಾರು 344 ಕಿ.ಮೀ. ವಿಮಾನದಲ್ಲಿ ಒಂದೂಕಾಲು ತಾಸು, ರೈಲಿನಲ್ಲಿ ಎರಡೂಕಾಲು. ಆದರೂ ಜನ ಹೆಚ್ಚಾಗಿ ರೈಲೇ ಹತ್ತುತ್ತಾರೆ, ಯಾಕಂದ್ರೆ ಅದು ಊರ ನಡುವೆಯೇ ಇಳಿಸುತ್ತದೆ. ಬೆಂಗಳೂರಿನಿಂದ ನಮ್ಮ ಜಮಖಂಡಿ ಅದಕ್ಕಿಂತ ಬರೀ ನೂರು ಚಿಲ್ಲರೆ ಕಿ.ಮೀ. ಹೆಚ್ಚು!

ಹೋದ ಶ್ರಾವಣದಲ್ಲಿ ಬೆಳಗಿನ ಐದಕ್ಕೆ ಅವ್ವನ ಫೋನ್. "ನಿಮ್ಮಪ್ಪಗ ಎದಿ ನೋವ ಬಂದೈತಿ, ದವಾಖಾನ್ಯಾಗ ಅದೇವಿ. ಲಗೂನ ಬಾರಪಾ."

ಬಸ್ಸಿಗೆ ರಾತ್ರಿತನಕ ಕಾಯಬೇಕು. ಬೆಳಗಾವಿ ವಿಮಾನಕ್ಕೆ ಟಿಕೆಟ್ ಸಿಕ್ಕಿತು. ಹಾರಾಟ ಒಂದು ತಾಸು ಚಿಲ್ಲರೆ, ಖರೆ. ಆದರೆ ಮನೆಯಿಂದ ದೇವನಹಳ್ಳಿಗೆ ಎರಡು ತಾಸು, ಅಲ್ಲಿ ಕಾಯುವುದು ಎರಡು, ಸಾಂಬ್ರಾದಲ್ಲಿ ಇಳಿದು ಯರಗಟ್ಟಿ, ಲೋಕಾಪುರ, ಮುಧೋಳದ ಮೇಲೆ ಟ್ಯಾಕ್ಸಿಯಲ್ಲಿ ಇನ್ನೂ ಮೂರು. ಒಟ್ಟು ಎಂಟು! ರಾತ್ರಿ ಬಸ್ಸು ಹತ್ತು-ಹನ್ನೊಂದು ತಾಸಿಗೆ ಊರು ಮುಟ್ಟಿಸುತ್ತದೆ, ಅದೂ ಮಲಗಿಸಿಕೊಂಡು.

ಬಾಗಲಕೋಟೆ-ಕುಡಚಿ ರೈಲು ಮಾರ್ಗ 142 ಕಿ.ಮೀ. ಮಂಜೂರಾಗಿದ್ದು 2010-11ರಲ್ಲಿ. ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಯವರು ಇನ್ನೂ ದಾರಿ ಕಾಯುತ್ತಲೇ ಇದ್ದೇವೆ.

"ವಿಮಾನದಾಗ ಎಷ್ಟ್ ಹೊತ್ರಿ ಸರ?" ಡ್ರೈವರ್ ಕೇಳಿದ.
"ಒಂದ್ ತಾಸು."
"ಮತ್ತ ಮುಂಜಾನಿ ಐದಕ್ಕ ಎದ್ದೇನಂದ್ರಿ?"

ಲೋಕಾಪುರ ಬರುವಷ್ಟರಲ್ಲಿ ಅಣ್ಣನ ಫೋನ್. "ಅಪ್ಪನ್ನ ಬಾಗಲಕೋಟಿಗೆ ಒಯ್ಯಾಕತ್ತೇವಿ, ನೀ ಸೀದಾ ಅಲ್ಲೇ ಬಾ." ಮುಧೋಳದ ಕಡೆ ಹೊರಳಬೇಕಾದವರು ಸೀದಾ ಹೋದೆವು.

ಅಪ್ಪ ಈಗ ಆರಾಮ. ಅವತ್ತು ಐದು ನಿಮಿಷದಲ್ಲಿ ಗಾಡಿ ತಂದಿದ್ದು ಪಕ್ಕದ ಮನೆ ಕಾಕಾ. ಅವರ ನಂಬರ್ ಈಗ ನನ್ನ ಫೋನಿನಲ್ಲಿ ಎಲ್ಲಕ್ಕಿಂತ ಮೇಲಿದೆ.