ನಾಲ್ಕು ಊರುಗಳಲ್ಲಿ ಶಾಂತಿಶಾಸ್ತ್ರದ ಪಾಠ

ಯುದ್ಧವಿದ್ಯೆಯನ್ನು ಕಲಿಸುವ ಶಾಲೆಗಳು ಲೋಕದಲ್ಲಿ ಬಹುಕಾಲದಿಂದ ಇವೆ. ಶಾಂತಿಯನ್ನು ಕುರಿತು ಕಲಿಸುವ ಪೀಠಗಳಾದರೋ ಈಚಿನವು. 1959ರಲ್ಲಿ ನಾರ್ವೆ ದೇಶದ ಓಸ್ಲೋ ನಗರದಲ್ಲಿ ಯೋಹಾನ್ ಗಾಲ್ಟುಂಗ್ ಎಂಬ ವಿದ್ವಾಂಸರು ಶಾಂತಿಸಂಶೋಧನೆಯ ಸಂಸ್ಥೆಯೊಂದನ್ನು ಸ್ಥಾಪಿಸಿದರು. 1970ರ ದಶಕದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯವು ಈ ವಿಷಯಕ್ಕೆ ಪ್ರತ್ಯೇಕ ವಿಭಾಗವನ್ನೇ ತೆರೆಯಿತು. ಗಾಲ್ಟುಂಗರು ಮೊದಲು ಗಾಂಧೀಜಿಯವರ ವಿಚಾರಗಳನ್ನು ಅಭ್ಯಾಸ ಮಾಡಿ, ಅವುಗಳ ಮೇಲೆ 1955ರಲ್ಲಿ ಆರ್ನೆ ನೆಸ್ಸರೊಡನೆ ಗ್ರಂಥ ರಚಿಸಿದವರು. ಆದುದರಿಂದ ಈ ಶಾಸ್ತ್ರದ ಬೇರೊಂದು ನಮ್ಮ ನೆಲದಲ್ಲಿಯೂ ಉಂಟು. ಹೊಡೆದಾಟವಿಲ್ಲದಿರುವುದಷ್ಟೇ ಶಾಂತಿಯಲ್ಲ, ಹಸಿವು ಅನ್ಯಾಯಗಳೂ ಹಿಂಸೆಯ ಒಂದು ಬಗೆಯೇ ಎಂಬುದು ಅವರ ಮುಖ್ಯ ವಾದ. ಹಿಂಸೆ ಏಕೆ ಹುಟ್ಟುವುದು? ಅದನ್ನು ತಡೆಯುವುದು ಹೇಗೆ? ತಡೆದ ತರುವಾಯ ಶಾಂತಿಯು ನಿಲ್ಲಲು ಏನನ್ನು ಕಟ್ಟಬೇಕು? ಈ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಗದಗು ಸೀಮೆಯನ್ನು ಸುತ್ತಿದರೆ, ದೂರದ ವಿದ್ಯಾಪೀಠಗಳ ಪಾಠಗಳು ಕಣ್ಣೆದುರಿಗೇ ಕಾಣುವುವು.

ಗದಗಿನಿಂದ ಡಂಬಳದ ಮಾರ್ಗವಾಗಿ ಮುಂಡರಗಿಗೆ ಹೊರಟರೆ, ಇಕ್ಕೆಲಗಳಲ್ಲಿಯೂ ಎರೆಯ ಹೊಲಗಳು. ಬಲಗಡೆಗೆ ಕಪ್ಪತಗುಡ್ಡದ ನೀಲಿ ಸಾಲು. ಮುಂಡರಗಿಯೆಂದೊಡನೆ ಭೀಮರಾಯನ ನೆನಪಾಗುವುದು. ಪ್ರಜೆಗಳ ಆಯುಧಗಳನ್ನು ಸರಕಾರವು ಕಿತ್ತುಕೊಳ್ಳತೊಡಗಿದ್ದ ಕಾಲವದು. ದತ್ತಕದ ಹಕ್ಕನ್ನು ನಿರಾಕರಿಸಿದುದರಿಂದ ನರಗುಂದದ ಭಾಸ್ಕರರಾಯನೂ ಕುದಿಯುತ್ತಿದ್ದನು. 1858ರ ಮೇ ತಿಂಗಳ ಕೊನೆಯಲ್ಲಿ ಬಂಡಾಯವು ಭುಗಿಲೆದ್ದಿತು. ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನ ಹತ್ಯೆಯಾಯಿತು. ಜೂನ್ 1ರಂದು ಕೊಪ್ಪಳದ ಕೋಟೆಯಲ್ಲಿ ಭೀಮರಾಯನೂ ಹಮ್ಮಿಗೆಯ ಕೆಂಚನಗೌಡನೂ ಕಾದಾಡಿ ಮಡಿದರು. ವೀರರನ್ನು ನೆನೆಯುವುದು ಉಚಿತವೇ. ಆದರೆ ವಿದ್ಯಾರ್ಥಿಯು ಇನ್ನೊಂದನ್ನೂ ಗಮನಿಸಬೇಕು. ದೂರನ್ನು ಕೇಳುವ ಬಾಗಿಲುಗಳು ಮುಚ್ಚಿದಲ್ಲಿ ಕತ್ತಿಯೇ ಬಾಯಾಗುವುದು.

ಅದೇ ತಾಲೂಕಿನ ಹಳ್ಳಿಗುಡಿಯಲ್ಲಿ ಇದಕ್ಕೆ ಎದುರಾದ ನಿದರ್ಶನವುಂಟು. ದಕ್ಷಿಣ ಕೊರಿಯಾದ ಪೋಸ್ಕೋ ಕಂಪನಿಯ ಉಕ್ಕಿನ ಕಾರಖಾನೆಗಾಗಿ ಅಲ್ಲಿ ಹೊಲಗಳನ್ನು ವಶಪಡಿಸಿಕೊಳ್ಳಲು ಸರಕಾರವು ಹೊರಟಿತು. ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳು ಮುಂದಾಗಿ ನಿಂತರು; ರೈತರು ಶಾಂತಿಯಿಂದ ಪ್ರತಿಭಟಿಸಿದರು. 2011ರ ಜುಲೈಯಲ್ಲಿ ಸರಕಾರವು ಭೂಸ್ವಾಧೀನವನ್ನು ಕೈಬಿಟ್ಟಿತು. 2013ರಲ್ಲಿ ಕಂಪನಿಯೂ ಕರ್ನಾಟಕದ ಯೋಜನೆಯಿಂದ ಹಿಂದೆಗೆಯಿತು. ಕಾರಖಾನೆ ಬರಲೆಂದು ಬಯಸಿದ ರೈತರೂ ಇದ್ದರೆಂಬುದನ್ನು ಮರೆಯಲಾಗದು. ಕಲಹವೆಂದರೆ ಒಳ್ಳೆಯವರಿಗೂ ಕೆಟ್ಟವರಿಗೂ ನಡೆಯುವುದೆಂಬ ಸರಳ ತಿಳುವಳಿಕೆಯನ್ನು ಈ ಶಾಸ್ತ್ರವು ಒಪ್ಪುವುದಿಲ್ಲ.

ಮುಂಡರಗಿಯಿಂದ ಪಶ್ಚಿಮಕ್ಕೆ ತಿರುಗಿ ಕಪ್ಪತಗುಡ್ಡವನ್ನು ದಾಟಿದರೆ ಶಿರಹಟ್ಟಿ. ಅಲ್ಲಿಂದ ಮುಂದೆ ಲಕ್ಷ್ಮೇಶ್ವರ. ಮೊದಲು ಲಕ್ಷ್ಮೇಶ್ವರವನ್ನು ನೋಡಿ ಮರಳುವಾಗ ಶಿರಹಟ್ಟಿಯಲ್ಲಿ ತಂಗುವುದು ಲೇಸು. ಪಂಪನು ತನ್ನ ಕಾವ್ಯದಲ್ಲಿ ಕೊಂಡಾಡಿದ ಪುಲಿಗೆರೆಯ ಕನ್ನಡವು ಈ ಲಕ್ಷ್ಮೇಶ್ವರದ ಕನ್ನಡವೇ. ಸೌರಾಷ್ಟ್ರದಿಂದ ಬಂದ ಶಿವಭಕ್ತ ಆದಯ್ಯನ ಕಥೆಯನ್ನು ರಾಘವಾಂಕನ ಸೋಮನಾಥಚರಿತೆಯು ಹೇಳುವುದು. ಆದಯ್ಯನು ಜೈನರ ಮನೆಯ ಅಳಿಯ. ಅತಿಥಿಗಳ ಊಟದ ವಿಷಯವಾಗಿ ಮಾವನ ಮನೆಯಲ್ಲಿ ಹುಟ್ಟಿದ ಮುನಿಸು ಬೆಳೆದು ಇಡೀ ಊರಿನ ಮತಕಲಹವಾಯಿತಂತೆ. ಕಥೆಯಲ್ಲಿ ಇತಿಹಾಸವೆಷ್ಟೆಂಬ ಚರ್ಚೆಯಿರಲಿ. ದೊಡ್ಡ ಜಗಳವು ಸಣ್ಣ ಅವಮಾನದಿಂದ, ಅದೂ ಪಂಕ್ತಿಯಲ್ಲಿ, ಮೊಳೆಯುವುದೆಂಬುದನ್ನು ಗೃಹಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂದು ಅದೇ ಊರಿನಲ್ಲಿ ಸೋಮೇಶ್ವರನ ಗುಡಿಯೂ ಶಂಖಬಸದಿಯೂ ಆದಿಲಶಾಹಿಯ ಕಾಲದ ಮಸೀದಿಯೂ ನಿಂತಿವೆ. ಒಂದನ್ನು ನೋಡಿ ಮತ್ತೊಂದನ್ನು ಬಿಟ್ಟು ಬಂದವನು ಆ ಊರನ್ನು ಅರ್ಧವೇ ಓದಿದಂತೆ.

ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲಿಯೇ ಫಕೀರನೂ ಈಶ್ವರನೂ ಒಂದಾಗಿದ್ದಾರೆ. ಹಿಂದೂ ಮುಸಲ್ಮಾನರಿಬ್ಬರೂ ಅದರ ಭಕ್ತರು. ದ್ವೇಷವನ್ನು ತೊರೆದು ಪ್ರೀತಿಯನ್ನು ಹಿಡಿಯಿರೆಂಬುದೇ ಅಲ್ಲಿಯ ಬೋಧೆ. ಸೌಹಾರ್ದವು ಕೇವಲ ಮನಸ್ಸಿನ ಭಾವವಾಗಿದ್ದರೆ ಒಂದು ತಲೆಮಾರಿನಲ್ಲಿ ಬತ್ತೀತು; ಜಾತ್ರೆಯೂ ಮಠವೂ ಪದ್ಧತಿಯೂ ಆದಾಗ ಮಕ್ಕಳಿಗೂ ದಕ್ಕುವುದು.

ಹಾಗೆ ಕಟ್ಟಿದ ಮತ್ತೊಂದು ವ್ಯವಸ್ಥೆಯು ಗದಗಿನ ಬಳಿಯ ಕಣಗಿನಹಾಳದಲ್ಲಿದೆ. 1875ರಲ್ಲಿ ಪುಣೆ, ಅಹಮದನಗರದ ಕಡೆಗಳಲ್ಲಿ ಸಾಲದಿಂದ ಬೆಂದ ರೈತರು ಸಾಹುಕಾರರ ಮೇಲೆ ಎದ್ದು ಸಾಲಪತ್ರಗಳನ್ನು ಸುಟ್ಟರು. ಅದೇ ಮುಂಬಯಿ ಇಲಾಖೆಯಲ್ಲಿದ್ದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಸ್ಥಾಪಿಸಿ, ರೈತನಿಗೆ ತನ್ನವರಿಂದಲೇ ಸಾಲ ಸಿಗುವಂತೆ ಮಾಡಿದರು. ಬೆಂಕಿ ಹಚ್ಚಬಹುದಾಗಿದ್ದ ಕೈಗಳು ಲೆಕ್ಕದ ಪುಸ್ತಕವನ್ನು ಹಿಡಿದವು.

ಇದೇ ಸೀಮೆಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು 2016ರ ಕಾಯಿದೆಯಿಂದ ಹುಟ್ಟಿತು. ನಾಗಾವಿಯಲ್ಲಿರುವ ಅದರ ಆವರಣದಲ್ಲಿ ಸಾಬರಮತಿ ಆಶ್ರಮದ ಪ್ರತಿರೂಪವೊಂದಿದೆ. ಬದುವಿನ ಜಗಳ, ನೀರಿನ ಜಗಳ, ದಾರಿಯ ಜಗಳಗಳು ಕತ್ತಿಗೆ ಹೋಗುವ ಮೊದಲು ಮಾತಿಗೆ ಬರುವ ಸ್ಥಳ ಹಳ್ಳಿಯ ಪಂಚಾಯತಿಯೇ ಅಲ್ಲವೇ? ಅಂಥ ಪಂಚಾಯತಿಯನ್ನು ನಡೆಸುವ ವಿದ್ಯೆಯು ಶಾಂತಿಶಾಸ್ತ್ರಕ್ಕೆ ಹೊರಗಿನದಲ್ಲ.

ವಾಚಕರು ಮಕ್ಕಳೊಡನೆ ಈ ಪ್ರವಾಸವನ್ನು ಚಳಿಗಾಲದಲ್ಲಿ, ಬಿಳಿಜೋಳವು ತೆನೆಗಟ್ಟುವ ಹೊತ್ತಿಗೆ ಕೈಕೊಳ್ಳಲಿ. ಕೋಟೆ ಕಾಳಗಗಳ ಕಥೆಯನ್ನು ಹೇಳುವಾಗ, ಕಾಳಗವಾಗದಂತೆ ತಡೆದವರ ಹೆಸರನ್ನೂ ಅಷ್ಟೇ ಗಟ್ಟಿಯಾಗಿ ಹೇಳಲಿ.